ಹಳೆಯ ಮಾರ್ಗೊಲಿನ್ ಪಿಸ್ತೂಲನ್ನು ನಾನು ಪರೀಕ್ಷಿಸಿದ ಬಗೆ

ಲೈಪ್‌ಜಿಗ್ ಹತ್ತಿರದ ನಮ್ಮ ಶೂಟಿಂಗ್ ಕ್ಲಬ್ಬಿನಲ್ಲಿ ಪೂರ್ವ ಜರ್ಮನಿಯ ಕಾಲದಿಂದ ಉಳಿದುಕೊಂಡ ಒಂದು ಮಾರ್ಗೊಲಿನ್ ಇದೆ. ಸೋವಿಯತ್ ತಯಾರಿಕೆ, .22 ಕ್ಯಾಲಿಬರ್. ಹೊಸಬರ ಕೈಗೆ ಇದನ್ನು ಕೊಡಬಹುದಾ, ಇದನ್ನೇ ಹಿಡಿದು ಸ್ಪರ್ಧೆಗೂ ಹೋಗಬಹುದಾ ಅಂತ ನೋಡಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಖುಷಿಯಿಂದಲೇ ಒಪ್ಪಿಕೊಂಡೆ.

ಈ ಪಿಸ್ತೂಲಿನ ಮೇಲೆ ನನಗಿರುವ ಗೌರವಕ್ಕೆ ಅದನ್ನು ರೂಪಿಸಿದ ಮನುಷ್ಯನೇ ಕಾರಣ. ಮಿಖಾಯಿಲ್ ಮಾರ್ಗೊಲಿನ್ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. 1924ರಲ್ಲಿ ತಲೆಗೆ ಗುಂಡೇಟು ಬಿದ್ದು ದೃಷ್ಟಿ ಹೋಗಿತ್ತು. ಆಮೇಲೆ ಅವರು ಆಯುಧಗಳನ್ನು ಮುಟ್ಟಿ ಮುಟ್ಟಿ ಕಲಿತರು. ಮೇಣ, ಜೇಡಿಮಣ್ಣಿನಲ್ಲಿ ಭಾಗಗಳನ್ನು ತಿದ್ದಿ ತೋರಿಸಿ, ಬಾಯಲ್ಲಿ ಹೇಳಿ ನಕ್ಷೆ ಬರೆಸಿದರು. 1940ರ ದಶಕದ ಕೊನೆಗೆ ಈ ಪಿಸ್ತೂಲು ಬಂತು. ಇಝೆವ್ಸ್ಕ್ ಕಾರ್ಖಾನೆ ಇದನ್ನು ದಶಕಗಳ ಕಾಲ ತಯಾರಿಸಿತು.

ಮೊದಲು ಗುಂಡು ತುಂಬುವ ಮ್ಯಾಗಝೀನ್ ತೆಗೆದೆ, ಹೊಡೆದಾಗ ಹಿಂದೆ ಮುಂದೆ ಓಡಾಡುವ ಮೇಲಿನ ಭಾಗವಾದ ಸ್ಲೈಡನ್ನು ಹಿಂದಕ್ಕೆಳೆದು, ಗುಂಡು ಕೂರುವ ಜಾಗವಾದ ಚೇಂಬರ್ ಖಾಲಿ ಇದೆಯೇ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡಿದೆ. ಆಮೇಲೆ ಚೇಂಬರಿನ ಅಂಚು. .22 ಗುಂಡಿನಲ್ಲಿ ಅದನ್ನು ಸಿಡಿಸುವ ಫೈರಿಂಗ್ ಪಿನ್ ಹೊಡೆಯುವುದು ಗುಂಡಿನ ಹಿಂಬದಿಯ ಅಂಚಿಗೆ. ಗುಂಡಿಲ್ಲದೆ ಸುಮ್ನೆ ಟ್ರಿಗರ್ ಒತ್ತುತ್ತಾ ಇದ್ದರೆ ಪಿನ್ ನೇರ ಚೇಂಬರಿನ ಅಂಚಿಗೇ ಬಡಿದು ಅಲ್ಲಿ ಗುಳಿ ಬೀಳಬಹುದು. ಗುಳಿಯ ಪಕ್ಕದ ಲೋಹ ಒಳಕ್ಕೆ ಉಬ್ಬಿದರೆ ಖಾಲಿ ಕೇಸ್ ಹೊರಗೆ ಬರುವಾಗ ತಡೆಯುತ್ತದೆ. ಹತ್ತಾರು ಜನರ ಕೈ ದಾಟಿ ಬಂದ ಕ್ಲಬ್ ಪಿಸ್ತೂಲಿನಲ್ಲಿ ನಾನು ಮೊದಲು ಹುಡುಕುವುದು ಇದನ್ನೇ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಅಂಚಿನ ಸುತ್ತ ಆಡಿಸಿ ನೋಡಿ, ಉಬ್ಬಿದ್ದರೆ ಎಳೆ ಸಿಕ್ಕಿಕೊಳ್ಳುತ್ತದೆ. ನಮ್ಮದರಲ್ಲಿ ಸಣ್ಣ ಗುರುತು ಇತ್ತು, ಉಬ್ಬು ಇರಲಿಲ್ಲ.

ಬ್ಯಾರಲ್ ಒಳಗೆ ಸೀಸ ಕಟ್ಟಿಕೊಂಡಿತ್ತು, ತೆಗೆದ ಮೇಲೆ ಗುಂಡನ್ನು ತಿರುಗಿಸುವ ಸುರುಳಿ ಗೀರುಗಳು ಸವೆಯದೆ ಚೂಪಾಗಿ ಕಂಡವು. ಸ್ಲೈಡಿನ ಸ್ಪ್ರಿಂಗ್ ಮಾತ್ರ ಸೋತಿತ್ತು. ಇದನ್ನು ಕಡೆಗಣಿಸಬಾರದು. ಸ್ಪ್ರಿಂಗ್ ಮೆತ್ತಗಾದರೆ ಪ್ರತಿ ಹೊಡೆತಕ್ಕೂ ಸ್ಲೈಡ್ ಹಿಂದೆ ಜೋರಾಗಿ ಬಡಿಯುತ್ತದೆ. ಹಳೆಯ ಲೋಹಕ್ಕೆ ಅದು ಒಳ್ಳೆಯದಲ್ಲ.

ಟ್ರಿಗರ್‌ಗೆ 1000 ಗ್ರಾಂ ತೂಕ ನೇತುಹಾಕಿ ಪಿಸ್ತೂಲನ್ನು ಮೇಲಕ್ಕೆತ್ತಿದೆ. 25 ಮೀಟರ್ ಸ್ಪೋರ್ಟ್ ಪಿಸ್ತೂಲು, ಸ್ಟ್ಯಾಂಡರ್ಡ್ ಪಿಸ್ತೂಲು ಅನ್ನುವ ಎರಡೂ ಸ್ಪರ್ಧೆಗಳಿಗೆ ಟ್ರಿಗರ್ ತಡೆಯಬೇಕಾದ, ಅಂತರರಾಷ್ಟ್ರೀಯ ನಿಯಮದ ಕನಿಷ್ಠ ತೂಕ ಅದು. ಟ್ರಿಗರ್ ಬಿಟ್ಟುಕೊಡಲಿಲ್ಲ, ಅಂದರೆ ನಿಯಮಕ್ಕೆ ಸರಿಯಿದೆ. ರೇಂಜಿನಲ್ಲಿ ಮೊದಲು ಒಂದೇ ಗುಂಡು ತುಂಬಿದೆ, ಆಮೇಲೆ ಎರಡು. ಒಳಗಿನ ಕೊಂಡಿಗಳು ಸವೆದಿದ್ದರೆ ಒಂದೇ ಒತ್ತಿಗೆ ಎರಡು ಗುಂಡು ಹಾರುವ ಅಪಾಯ ಇರುತ್ತದೆ, ಅದಕ್ಕೇ ಈ ಎಚ್ಚರ. ಪರಿಚಯವಿಲ್ಲದ ಹಳೆ ಪಿಸ್ತೂಲಿಗೆ ಮೊದಲ ಸಲವೇ ಮ್ಯಾಗಝೀನ್ ಪೂರ್ತಿ ತುಂಬುವುದು ನನಗೆ ಒಪ್ಪಿಗೆಯಿಲ್ಲ.

ಗುಂಡು ಸ್ಟ್ಯಾಂಡರ್ಡ್ ವೇಗದ್ದೇ ಇರಬೇಕು. ಜಾಸ್ತಿ ವೇಗದ ಗುಂಡು ಈ ಪಿಸ್ತೂಲಿಗೆ ಬೇಡ. ಮರಳಿನ ಚೀಲದ ಮೇಲೆ ಕೈಯಿಟ್ಟು 25 ಮೀಟರ್‌ನಿಂದ ಬೇರೆ ಬೇರೆ ಕಂಪನಿಯ ಗುಂಡು ಹೊಡೆದು ನೋಡಿದೆ. ಒಗ್ಗಿದ ಗುಂಡಿನಲ್ಲಿ ಐದಕ್ಕೆ ಐದೂ ಹತ್ತರ ವೃತ್ತದೊಳಗೇ ಬಿದ್ದವು. ಆ ವೃತ್ತದ ಅಗಲ 50 ಮಿಲಿಮೀಟರ್. ಒಗ್ಗದ ಗುಂಡು ಎಂಟರವರೆಗೂ ಚದುರಿತು, ನಡುವೆ ಸಿಕ್ಕಿಕೊಂಡಿತು ಕೂಡ.

ಹೊಸಬರಿಗೆ ಇದು ಯಾಕೆ ಒಳ್ಳೆಯದು ಅನ್ನುವುದಕ್ಕೆ ಬರುತ್ತೇನೆ. ಗುರಿ ಹಿಡಿಯಲು ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಒಂದೊಂದು ಸೈಟ್ ಇರುತ್ತದೆ. ಬಹಳ ಪಿಸ್ತೂಲುಗಳಲ್ಲಿ ಹಿಂದಿನ ಸೈಟ್ ಸ್ಲೈಡಿನ ಮೇಲೇ ಕೂತಿರುತ್ತದೆ, ಹೊಡೆದಾಗಲೆಲ್ಲ ಅದರ ಜೊತೆ ಓಡಾಡುತ್ತದೆ. ಮಾರ್ಗೊಲಿನ್ ಇದನ್ನು ತಪ್ಪಿಸಿದರು. ಪಿಸ್ತೂಲಿನ ಚೌಕಟ್ಟಿನಿಂದಲೇ ಒಂದು ಕಮಾನು ಎಬ್ಬಿಸಿ ಸೈಟನ್ನು ಅದರ ಮೇಲೆ ಕೂರಿಸಿದರು. ಸ್ಲೈಡ್ ಆ ಕಮಾನಿನ ಕೆಳಗೆ ಹೋಗಿ ಬರುತ್ತದೆ. ಬ್ಯಾರಲ್ ಕೂಡ ಚೌಕಟ್ಟಿಗೇ ಬಿಗಿದದ್ದು. ಹಾಗಾಗಿ ಮುಂದಿನ ಸೈಟು, ಹಿಂದಿನ ಸೈಟು ಎರಡೂ ಅಲ್ಲಾಡುವುದಿಲ್ಲ. ಗುಂಡು ಹೋದ ಮೇಲೂ ಸೈಟನ್ನೇ ನೋಡುತ್ತಿರಿ ಅಂತ ಹೊಸಬರಿಗೆ ಹೇಳುತ್ತೇವಲ್ಲ, ಆ ಪಾಠ ಇದರಲ್ಲಿ ಬೇಗ ಹತ್ತುತ್ತದೆ. ಇಲ್ಲಿ ಓದಲು ಬಂದಿರುವ ಹಾಸನದ ಹುಡುಗಿಯೊಬ್ಬಳು ನನ್ನ ಪಕ್ಕ ನಿಂತು ಹೊಡೆದಳು. "ಅಣ್ಣಾ, ಹೊಡೆದಾಗ ಕೈ ಎಡಕ್ಕೆ ಜಾರಿದ್ದು ನಂಗೇ ಕಾಣಿಸ್ತು" ಅಂದಳು. ಗುರಿಹಲಗೆ ನೋಡಿದರೆ ಗುಂಡು ಎಡಕ್ಕೇ ಬಿದ್ದಿತ್ತು. ಕಲಿಯುವವರಿಗೆ ಇದಕ್ಕಿಂತ ಇನ್ನೇನು ಬೇಕು?

ಸ್ಪರ್ಧೆಯ ಮಾತು ಬೇರೆ. ನಿಯಮದಲ್ಲಿ ಪಿಸ್ತೂಲಿನ ತೂಕಕ್ಕೆ 1400 ಗ್ರಾಂವರೆಗೆ ಅವಕಾಶ ಇದೆ, ಇದು ಒಂದು ಕೆಜಿಯ ಆಸುಪಾಸು, ಹಾಗಾಗಿ ಮುಂದೆ ತೂಕ ಸೇರಿಸಿಕೊಳ್ಳಬಹುದು. ಸ್ಪೋರ್ಟ್ ಪಿಸ್ತೂಲಿನಲ್ಲಿ ಐದು ನಿಮಿಷಕ್ಕೆ ಐದು ಗುಂಡಿನ ನಿಧಾನದ ಸುತ್ತಿನಲ್ಲಿ ಹೊಸ ಪಿಸ್ತೂಲು ಹಿಡಿದವರ ಪಕ್ಕ ಧೈರ್ಯವಾಗಿ ನಿಲ್ಲಬಹುದು. ಗುರಿಹಲಗೆ ಮೂರೇ ಸೆಕೆಂಡು ಮುಖ ತೋರಿಸುವ ಸುತ್ತಿನಲ್ಲೂ ಪರವಾಗಿಲ್ಲ, ಪ್ರತಿ ಗುಂಡಿಗೂ ಕೈ ಇಳಿಸಿ ಮತ್ತೆ ಎತ್ತುವುದರಿಂದ ಹಿಡಿತ ಸರಿಮಾಡಿಕೊಳ್ಳಲು ಏಳು ಸೆಕೆಂಡು ಸಿಗುತ್ತದೆ. ಕಷ್ಟ ಶುರುವಾಗುವುದು ಸ್ಟ್ಯಾಂಡರ್ಡ್ ಪಿಸ್ತೂಲಿನ ಕೊನೆಯ ಸುತ್ತಿನಲ್ಲಿ, ಹತ್ತು ಸೆಕೆಂಡಿಗೆ ಐದು ಗುಂಡು. ಇದರ ಹಳೆಯ ಹಿಡಿಗೆ ಅಂಗೈಯನ್ನು ಕೆಳಗಿನಿಂದ ತಾಂಗುವ ಪಟ್ಟಿ ಇಲ್ಲ. ಒಂದೊಂದು ಗುಂಡಿಗೂ ಕೈ ಕೂದಲೆಳೆಯಷ್ಟು ಸರಿಯುತ್ತದೆ, ಐದನೆಯದು ಹೊಡೆಯುವಷ್ಟರಲ್ಲಿ ಸೈಟ್ ಬೇರೆಲ್ಲೋ ಇರುತ್ತದೆ. ಅಂಗೈಗೆ ತಕ್ಕಂತೆ ಮರದ ಹಿಡಿ ಕೆತ್ತಿಸಿದರೆ ಅರ್ಧ ಸಮಸ್ಯೆ ಹೋಗುತ್ತದೆ. ನಾನಾದರೆ ದುಡ್ಡನ್ನು ಮೊದಲು ಹಾಕುವುದು ಅದಕ್ಕೇ. ಟ್ರಿಗರ್ ತಿದ್ದಿಸುವುದು ಆಮೇಲೆ.

ಜಿಲ್ಲಾ ಮಟ್ಟದ ಸ್ಪರ್ಧೆಗೆ ಇದನ್ನು ಒಯ್ಯಬಹುದು ಅಂತ ಕ್ಲಬ್ಬಿಗೆ ಬರೆದುಕೊಟ್ಟೆ. ಅದಕ್ಕಿಂತ ಮೇಲಕ್ಕೆ ಹೋಗುವವರು ಬೇರೆ ಪಿಸ್ತೂಲು ನೋಡಿಕೊಳ್ಳಲಿ. ಹೆಬ್ಬೆರಳಿಗೆ ಆಸರೆ ಎಡಮಗ್ಗುಲಲ್ಲಿ ಮಾತ್ರ ಇರುವುದರಿಂದ ಎಡಗೈಯವರಿಗೆ ಇದನ್ನು ಕೊಡುವುದು ಬೇಡ. ಪರೀಕ್ಷೆಗೆ ಹೊಡೆದದ್ದು ಸಾಕು, ಇನ್ನು ಹೊಸ ಸ್ಪ್ರಿಂಗ್ ಬರುವ ತನಕ ಯಾರೂ ಇದರಲ್ಲಿ ಹೊಡೆಯಬಾರದು ಅಂತಲೂ ಬರೆದೆ. ಈಗ ಇನ್ನೊಂದು ಮ್ಯಾಗಝೀನ್ ಹುಡುಕುತ್ತಿದ್ದೇನೆ, ಇರುವ ಒಂದರ ಬಾಯಿ ಸ್ವಲ್ಪ ಅಗಲಿದೆ.