ಕಾಂಪೌಂಡ್ ಬಿಲ್ಲಿನ ಪೌಂಡೇಜ್ ಹೊಂದಿಸುವುದು: ಕೇಬಲ್‌ಗೆ ಹುರಿ ಹಾಕುವ ಕ್ರಮ

ಕಾಂಪೌಂಡ್ ಬಿಲ್ಲಿನ ಹೆದೆಯೂ ಕೇಬಲ್‌ಗಳೂ ಅನೇಕ ಸಣ್ಣ ಎಳೆಗಳನ್ನು ಸೇರಿಸಿ ಹುರಿಗೊಳಿಸಿದ ಹಗ್ಗಗಳೇ. ಹಗ್ಗ ಹೊಸೆದು ಬಲ್ಲವರಿಗೆ ತಿಳಿದಿರುವಂತೆ, ಹುರಿ ಹೆಚ್ಚಿದಷ್ಟೂ ಹಗ್ಗ ಗಿಡ್ಡವಾಗುತ್ತದೆ, ಹುರಿ ಬಿಚ್ಚಿದಷ್ಟೂ ಉದ್ದವಾಗುತ್ತದೆ. ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಬಿಲ್ಲಿನಲ್ಲಿ ಕೇಬಲ್‌ಗಳು ಕೊಂಚ ಹಿಗ್ಗಿ, ಪೌಂಡೇಜ್ (ಹೆದೆ ಎಳೆಯಲು ಬೇಕಾಗುವ ಬಲ) ಅಳೆಯುವಾಗ ಮೊದಲು 59 ಪೌಂಡ್ ತೋರಿಸುತ್ತಿದ್ದ ತಕ್ಕಡಿ ಈಗ 57.5 ತೋರಿಸಿದರೆ, ಆ ವ್ಯತ್ಯಾಸವನ್ನು ಸರಿಪಡಿಸಲು ಹುರಿ ಹಾಕುವುದೇ ಸರಿಯಾದ ದಾರಿ. ಎರಡು ಕ್ಯಾಮ್‌ಗಳಿದ್ದು (ಬಿಲ್ಲಿನ ತುದಿಗಳಲ್ಲಿ ತಿರುಗುವ ಚಕ್ರಗಳು), ಪ್ರತಿ ಕೇಬಲ್‌ನ ಒಂದು ತುದಿ ಕ್ಯಾಮ್‌ಗೂ ಇನ್ನೊಂದು ತುದಿ ಕವಲೊಡೆದು ಎದುರಿನ ಆಕ್ಸಲ್‌ಗೂ (ಕ್ಯಾಮ್ ತಿರುಗುವ ಅಚ್ಚು) ಸೇರುವ ಬಿಲ್ಲನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ.

ಮೊದಲು ಒಂದು ಮಾತನ್ನು ಒತ್ತಿ ಹೇಳಬೇಕು. ಐದಾರು ಪೌಂಡ್ ಏರಿಸುವ ಅಥವಾ ಇಳಿಸುವ ಉದ್ದೇಶವಿದ್ದರೆ ಕೇಬಲ್ ಮುಟ್ಟಬಾರದು. ಆ ಕೆಲಸಕ್ಕೆ ಲಿಂಬ್‌ಗಳನ್ನು, ಅಂದರೆ ಬಿಲ್ಲಿನ ಬಾಗುವ ತೋಳುಗಳನ್ನು, ಬಿಗಿಯುವ ಲಿಂಬ್ ಬೋಲ್ಟ್‌ಗಳಿವೆ. ಅಲೆನ್ ಕೀಯಿಂದ ಮೇಲಿನ ಮತ್ತು ಕೆಳಗಿನ ಬೋಲ್ಟ್‌ಗಳನ್ನು ಸಮಾನವಾಗಿ ತಿರುಗಿಸಿದರೆ, ಒಂದು ಪೂರ್ತಿ ಸುತ್ತಿಗೆ ಸಾಮಾನ್ಯವಾಗಿ 2ರಿಂದ 3 ಪೌಂಡ್ ಬದಲಾಗುತ್ತದೆ. ಎಷ್ಟು ಸುತ್ತಿನವರೆಗೆ ಸಡಿಲಿಸಬಹುದು ಎಂಬುದನ್ನು ತಯಾರಕರ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು, ಏಕೆಂದರೆ ಆ ಮಿತಿ ಮೀರಿದರೆ ಲಿಂಬ್ ಕಳಚಿ ಬರುವ ಅಪಾಯವಿದೆ. ಕೇಬಲ್‌ನ ಹುರಿಯಿಂದ ನಿರೀಕ್ಷಿಸಬೇಕಾದದ್ದು ಒಂದೆರಡು ಪೌಂಡ್ ಮಾತ್ರ. ಅದಕ್ಕಿಂತ ಹೆಚ್ಚಿಗೆ ಆಸೆಪಟ್ಟರೆ ಬಿಲ್ಲಿನ ಉಳಿದೆಲ್ಲ ಅಳತೆಗಳೂ ಕೆಡುತ್ತವೆ.

ಕೇಬಲ್ ಗಿಡ್ಡವಾದಾಗ ಲಿಂಬ್‌ಗಳು ವಿಶ್ರಾಂತಿಯ ಸ್ಥಿತಿಯಲ್ಲೇ ಹೆಚ್ಚು ಬಾಗುತ್ತವೆ, ಎರಡು ಆಕ್ಸಲ್‌ಗಳ ನಡುವಿನ ದೂರ ತುಸು ಕುಗ್ಗುತ್ತದೆ, ಕ್ಯಾಮ್‌ಗಳು ಹೆದೆ ಎಳೆಯುವ ದಿಕ್ಕಿಗೆ ವಿರುದ್ಧವಾಗಿ ಸ್ವಲ್ಪ ಹಿಂದಕ್ಕೆ ತಿರುಗುತ್ತವೆ. ಇದರಿಂದ ಪೌಂಡೇಜ್ ಏರುವುದರ ಜೊತೆಗೆ ಡ್ರಾ ಲೆಂತ್, ಅಂದರೆ ಹೆದೆಯನ್ನು ಪೂರ್ತಿ ಎಳೆಯುವ ದೂರ, ಕೂಡ ಕೂದಲೆಳೆಯಷ್ಟು ಹೆಚ್ಚುತ್ತದೆ. ಹೆದೆಗೆ ಹುರಿ ಹಾಕಿದರೆ ಡ್ರಾ ಲೆಂತ್ ಕಡಿಮೆಯಾಗಿ, ಹಿಡಿಕೆಯಿಂದ ಹೆದೆಗಿರುವ ಅಂತರ, ಅಂದರೆ ಬ್ರೇಸ್ ಹೈಟ್, ಹೆಚ್ಚುತ್ತದೆ. ಆದ್ದರಿಂದ ಪೌಂಡೇಜ್ ಸರಿಪಡಿಸುವಾಗ ಕೈ ಹಾಕಬೇಕಾದದ್ದು ಕೇಬಲ್‌ಗೆ. ಹೆದೆಯನ್ನು ಡ್ರಾ ಲೆಂತ್ ಸರಿದೂಗಿಸಲು ಉಳಿಸಿಕೊಳ್ಳಬೇಕು.

ಕೆಲಸಕ್ಕೆ ತೊಡಗುವ ಮುನ್ನ ಆಕ್ಸಲ್‌ಗಳ ನಡುವಿನ ದೂರ, ಬ್ರೇಸ್ ಹೈಟ್ ಮತ್ತು ಬೋ ಸ್ಕೇಲ್ (ಬಿಲ್ಲಿನ ತಕ್ಕಡಿ) ತೋರಿಸುವ ಗರಿಷ್ಠ ಪೌಂಡೇಜ್ ಮೂರನ್ನೂ ಬರೆದುಕೊಂಡು, ತಯಾರಕರು ಕೊಟ್ಟ ಅಳತೆಗಳೊಂದಿಗೆ ಹೋಲಿಸಿರಿ. ಆಕ್ಸಲ್ ದೂರ ಮೂಲ ಅಳತೆಗಿಂತ ಹೆಚ್ಚಾಗಿದ್ದರೆ ಕೇಬಲ್ ಹಿಗ್ಗಿದೆ ಎಂದು ನಂಬಬಹುದು. ಅಳತೆಗಳೆಲ್ಲ ಸರಿಯಾಗಿದ್ದೂ ಪೌಂಡೇಜ್ ಮಾತ್ರ ಕಡಿಮೆಯಿದ್ದರೆ, ಮೊದಲು ಲಿಂಬ್ ಬೋಲ್ಟ್‌ಗಳನ್ನೂ ತಕ್ಕಡಿಯನ್ನೂ ಪರೀಕ್ಷಿಸಬೇಕು.

ಮುಂದಿನ ಹಂತಕ್ಕೆ ಬೋ ಪ್ರೆಸ್, ಅಂದರೆ ಲಿಂಬ್‌ಗಳನ್ನು ಒತ್ತಿ ಬಾಗಿಸುವ ಸಾಧನ, ಇರಲೇಬೇಕು. ಮನೆಯಲ್ಲಿ ಹಗ್ಗ, ಕ್ಲ್ಯಾಂಪ್ ಕಟ್ಟಿ ಲಿಂಬ್ ಬಾಗಿಸುವ ಪ್ರಯತ್ನವನ್ನು ದಯವಿಟ್ಟು ಯಾರೂ ಮಾಡಬಾರದು. ಬಾಗಿದ ಲಿಂಬ್ ಜಾರಿದರೆ ಕಣ್ಣು, ಕೈ ಯಾವುದೂ ಉಳಿಯುವ ಭರವಸೆಯಿಲ್ಲ. ನಿಮ್ಮ ಬಿಲ್ಲಿನ ಲಿಂಬ್‌ಗಳಿಗೆ ಹೊಂದುವ ಪ್ರೆಸ್ ಇಲ್ಲದಿದ್ದರೆ ತರಬೇತಿ ಕೇಂದ್ರದಲ್ಲೋ ಬಿಲ್ಲಿನ ಅಂಗಡಿಯಲ್ಲೋ ಮಾಡಿಸುವುದು ಒಳ್ಳೆಯದು. ಪ್ರೆಸ್‌ನಲ್ಲಿ ಕೂರಿಸಿ, ಕೇಬಲ್ ಸಡಿಲವಾಗುವಷ್ಟು ಮಾತ್ರ ಒತ್ತಿ, ಕ್ಯಾಮ್‌ನ ಕಡೆಯ ತುದಿಯ ಕುಣಿಕೆಯನ್ನು ಗೂಟದಿಂದ ಬಿಡಿಸಿ, ಈಗಾಗಲೇ ಇರುವ ಹುರಿಯ ದಿಕ್ಕಿನಲ್ಲೇ ಒಂದು ಸುತ್ತು ಹಾಕಿ ಮತ್ತೆ ಸಿಕ್ಕಿಸಿರಿ. ಎರಡನೆಯ ಕೇಬಲ್‌ಗೂ ಅಷ್ಟೇ ಸುತ್ತು ಹಾಕಬೇಕು. ಕವಲಿನ ಒಂದು ಕಾಲಿಗೆ ಮಾತ್ರ ಹುರಿ ಹಾಕಿದರೆ ಕ್ಯಾಮ್ ಓರೆಯಾಗುತ್ತದೆ. ಅದು ಬೇರೆಯೇ ಹೊಂದಾಣಿಕೆ, ಇದರೊಂದಿಗೆ ಬೆರೆಸಬಾರದು. ಪ್ರೆಸ್ ಸಡಿಲಿಸುವ ಮೊದಲು ಹೆದೆ ಮತ್ತು ಕೇಬಲ್‌ಗಳು ಕ್ಯಾಮ್‌ನ ಕಾಲುವೆಗಳಲ್ಲೇ ಕುಳಿತಿವೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿಕೊಳ್ಳಬೇಕು. ಬಳಿಕ ಮತ್ತೆ ತೂಗಿ, ಸಾಲದಿದ್ದರೆ ಇನ್ನೊಂದು ಸುತ್ತು. ಒಂದೇ ಸಲಕ್ಕೆ ನಾಲ್ಕೈದು ಸುತ್ತು ಹಾಕುವ ಆತುರ ಬೇಡ.

ಇನ್ನು ಟೈಮಿಂಗ್, ಅಂದರೆ ಎರಡೂ ಕ್ಯಾಮ್‌ಗಳು ಒಟ್ಟಿಗೇ ತಿರುಗುವುದು. ನನ್ನ ಅಭಿಪ್ರಾಯದಲ್ಲಿ ಇದು ಪೌಂಡೇಜ್‌ಗಿಂತಲೂ ಮುಖ್ಯ. ಬಿಲ್ಲನ್ನು ಡ್ರಾ ಬೋರ್ಡ್‌ನಲ್ಲಿ (ಬಿಲ್ಲನ್ನು ಹಿಡಿದಿಟ್ಟು ಹೆದೆ ಎಳೆಯುವ ಸಾಧನ) ನಿಧಾನವಾಗಿ ಪೂರ್ತಿ ಎಳೆದು, ಎರಡೂ ಕ್ಯಾಮ್‌ಗಳ ಡ್ರಾ ಸ್ಟಾಪ್‌ಗಳು (ಎಳೆತವನ್ನು ನಿಲ್ಲಿಸುವ ತಡೆಗಳು) ಒಟ್ಟಿಗೇ ಕೇಬಲ್‌ಗೆ ತಾಗುತ್ತವೆಯೇ ಎಂದು ನೋಡಬೇಕು. ಮೇಲಿನದು ಮೊದಲು ತಾಗಿದರೆ ಮೇಲಿನ ಕ್ಯಾಮ್‌ಗೆ ಸಿಕ್ಕಿಸಿದ ಕೇಬಲ್‌ಗೆ ಅರ್ಧ ಸುತ್ತು ಸೇರಿಸಿದಾಗ ಅದು ಹಿಂದಕ್ಕೆ ಸರಿಯುತ್ತದೆ. ಕೆಳಗಿನದು ಮೊದಲು ತಾಗಿದರೆ ಅದರ ಕೇಬಲ್‌ಗೆ ಹೀಗೆಯೇ ಮಾಡಬೇಕು. ಈಗಾಗಲೇ ಬೇಕಾದ ಪೌಂಡೇಜ್ ಬಂದಿದ್ದರೆ, ಹುರಿ ಸೇರಿಸುವ ಬದಲು ತಡವಾಗಿ ತಾಗುವ ಕ್ಯಾಮ್‌ನ ಕೇಬಲ್‌ನಿಂದ ಅರ್ಧ ಸುತ್ತು ಬಿಚ್ಚಬಹುದು. ಪೀಪ್ (ಗುರಿ ನೋಡಲು ಹೆದೆಯಲ್ಲಿ ಕೂರಿಸಿದ ಸಣ್ಣ ರಂಧ್ರ) ತಿರುಗಿದ್ದರೆ ಮತ್ತು ಡ್ರಾ ಲೆಂತ್ ಬದಲಾಗಿದ್ದರೆ ಕೊನೆಯಲ್ಲಿ ಹೆದೆಯ ಎರಡೂ ತುದಿಗಳಲ್ಲಿ ಸಮವಾಗಿ ಸರಿಪಡಿಸಿರಿ. ಪರೀಕ್ಷೆಯ ನೆಪದಲ್ಲೂ ಬಾಣವಿಲ್ಲದೆ ಹೆದೆಯನ್ನು ಬಿಡಬಾರದು.

ಸ್ಪರ್ಧೆಗೆ ಹೋಗುವವರು ಇನ್ನೊಂದನ್ನು ನೆನಪಿಡಬೇಕು. ಅಂತರರಾಷ್ಟ್ರೀಯ ಬಿಲ್ಲುಗಾರಿಕೆ ಸಂಸ್ಥೆಯಾದ ವರ್ಲ್ಡ್ ಆರ್ಚರಿಯ ನಿಯಮದಂತೆ, 50 ಮೀಟರ್ ದೂರದ ಗುರಿಗೆ ಎಸೆಯುವ ಕಾಂಪೌಂಡ್ ಬಿಲ್ಲಿನ ಗರಿಷ್ಠ ಪೌಂಡೇಜ್ 60 ಪೌಂಡ್ ಮೀರುವಂತಿಲ್ಲ. ಹುರಿ ಹಾಕಿದ ಉತ್ಸಾಹದಲ್ಲಿ 60.5 ಆದರೆ ಉಪಕರಣ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೀರಿ. ತಕ್ಕಡಿಗಳ ನಡುವಿನ ವ್ಯತ್ಯಾಸಕ್ಕೂ ಜಾಗವಿರುವಂತೆ 59ರ ಆಸುಪಾಸಿನಲ್ಲಿ ನಿಲ್ಲಿಸುವುದೇ ಲೇಸು.

ಹೊಂದಾಣಿಕೆಯ ನಂತರ ನೂರು ಬಾಣಗಳಷ್ಟು ಎಸೆದು ಮೂರೂ ಅಳತೆಗಳನ್ನು ಮತ್ತೊಮ್ಮೆ ತೆಗೆದು, ಸೈಟ್ ಗುರುತುಗಳನ್ನು ಹೊಸದಾಗಿ ಹೊಂದಿಸಿಕೊಳ್ಳಬೇಕು. ಕೇಬಲ್ ಹಾದುಹೋಗುವಲ್ಲಿ ಕ್ಯಾಮ್ ಮೇಲೆ ಬೆಳ್ಳಿ ಬಣ್ಣದ ಪೆನ್ನಿನಿಂದ ಒಂದು ಗೆರೆ ಎಳೆದಿಟ್ಟರೆ, ಮುಂದೆ ಕೇಬಲ್ ಹಿಗ್ಗಿದಾಗ ತಕ್ಕಡಿಗೆ ಮೊದಲೇ ಆ ಗೆರೆ ಸುಳಿವು ಕೊಡುತ್ತದೆ.