ಹುಣಸೆ ಬೀಜದಲ್ಲಿ ಪಾಲಿನ ಲೆಕ್ಕ

ಬಂಟ್ವಾಳದ ಕಡೆ ಒಂದು ಮದ್ರಸದಲ್ಲಿ ಹತ್ತು ಹನ್ನೊಂದು ವರ್ಷದಿಂದ ಫಿಕ್‌ಹ್, ಅಂದರೆ ಇಸ್ಲಾಮಿನ ವಿಧಿ-ನಿಯಮ, ಕಲಿಸುತ್ತಿದ್ದೇನೆ. ವುಳೂ (ನಮಾಝಿಗೆ ಮೊದಲು ಕೈಕಾಲು ಮುಖ ತೊಳೆಯೋದು), ನಮಾಝ್ ಮಕ್ಕಳು ಮಾಡುತ್ತಾ ಮಾಡುತ್ತಾ ಕಲಿಯುತ್ತಾರೆ. ಫರಾಇಳ್, ಅಂದರೆ ಸತ್ತವರ ಆಸ್ತಿ ಪಾಲು ಮಾಡುವ ಲೆಕ್ಕ, ಬಂದಾಗಲೇ ಕಷ್ಟ. ಯಾರಿಗೆಷ್ಟು ಪಾಲು ಅಂತ ಬಾಯಿಪಾಠ ಒಪ್ಪಿಸುತ್ತಾರೆ, ಲೆಕ್ಕ ಕೊಟ್ಟರೆ ಮುಖಮುಖ ನೋಡುತ್ತಾರೆ.

ಮೊದಲ ವರ್ಷ ನಾಟಕ ಆಡಿಸಿದೆ. ಒಬ್ಬ ಸತ್ತವನು, ಉಳಿದವರು ವಾರಸುದಾರರು. ಆಟದ ನೋಟು ಪ್ರಿಂಟ್ ಹಾಕಿಸಲು ಕೈಯಿಂದ ಎಂಟುನೂರು ರೂಪಾಯಿ ಹೋಯ್ತು. ಎರಡನೇ ದಿನ, ಅಪ್ಪ ತೀರಿಕೊಂಡಿದ್ದ ಹುಡುಗಿಯೊಬ್ಬಳು ಎದ್ದು ಹೊರಗೆ ಹೋಗಿ ಅತ್ತಳು. ಅವತ್ತೇ ನಿಲ್ಲಿಸಿದೆ. ನಾನು ಮೊದಲೇ ಯೋಚಿಸಬೇಕಿತ್ತು.

ಆಮೇಲೆ ಹುಣಸೆ ಬೀಜ ಹಿಡಿದೆ. ಖರ್ಚಿಲ್ಲ. ಕಮಿಟಿಯ ಹಿರಿಯರೊಬ್ಬರು, "ಉಸ್ತಾದರೇ, ಕಿತಾಬು ಬಿಟ್ಟು ಬೀಜ ಎಣಿಸಿದರೆ ಪರೀಕ್ಷೆಯಲ್ಲಿ ಏನು ಬರೆಯೋದು?" ಅಂದರು. ನಾನು ಬಿಡಲಿಲ್ಲ.

ನಾಲ್ಕು ಮಕ್ಕಳಿಗೆ ಒಂದು ಸ್ಟೀಲ್ ತಟ್ಟೆ, 24 ಬೀಜ, ಅದೇ ಸತ್ತವನ ಆಸ್ತಿ. ಹೆಂಡತಿಗೆ ಎಂಟರಲ್ಲೊಂದು, 3. ತಾಯಿಗೆ ಆರರಲ್ಲೊಂದು, 4. ತಂದೆಗೂ 4. ಉಳಿದ 13 ಮಗನಿಗೆ. ಆಗ ಹಿಂದೆ ಕೂತಿದ್ದ ಹುಡುಗ, "ಉಸ್ತಾದ್, ಒಬ್ಬಳು ಮಗಳೂ ಇದ್ದರೆ?" ಅಂದ. ಮಗನಿಗೆ ಎರಡು ಪಾಲು, ಮಗಳಿಗೆ ಒಂದು. 13 ಮೂರು ಪಾಲಾಗಲ್ಲ. ಅವನು ಕಲ್ಲು ತಂದು ಬೀಜ ಒಡೆಯಲು ಕೂತ! ನಾನು ಸುಮ್ನೆ ನಿಂತೆ. ಕೊನೆಗೆ ಮೂರು ಗುಂಪಿನವರು ಬೀಜ ಒಟ್ಟಿಗೆ ಸುರಿದರು. 72. ಹೆಂಡತಿಗೆ 9, ತಾಯಿಗೆ 12, ತಂದೆಗೆ 12, ಮಗನಿಗೆ 26, ಮಗಳಿಗೆ 13. ಪಾಲು ಒಡೆಯದೆ ಬರುವಂತೆ ಒಟ್ಟು ಸಂಖ್ಯೆಯನ್ನು ದೊಡ್ಡದು ಮಾಡೋದಕ್ಕೆ ತಸ್‌ಹೀಹ್ ಅನ್ನುತ್ತಾರೆ, ಕಿತಾಬಿನಲ್ಲಿ ಎರಡು ಪುಟ ಇರುವ ಅದು ಅವರ ಕೈಯಲ್ಲೇ ಬಂತು. ಆ ವರ್ಷ ಮೂವತ್ತರಲ್ಲಿ ಇಪ್ಪತ್ತೈದು ಮಕ್ಕಳ ಲೆಕ್ಕ ಸರಿ ಇತ್ತು. ಅದಕ್ಕೂ ಮೊದಲು ಹತ್ತು ದಾಟಿದ್ದಿಲ್ಲ.

ಪಾಲಿಗಿಂತ ಮೊದಲು ಕಫನ್ (ಶವವಸ್ತ್ರ) ಖರ್ಚು, ಸಾಲ, ವಸಿಯ್ಯತ್ (ಉಯಿಲು) ಕಳೆಯಬೇಕು, ಅಲ್ವಾ? ಮಕ್ಕಳು ಮರೆಯೋದು ಸಾಲವನ್ನೇ. ಅದಕ್ಕೇ ಸತ್ತವನ ಸಾಲ ಬರೆದ ಒಂದು ಚೀಟಿ ಇಡುತ್ತೇನೆ, ಎಲ್ಲಿ ಅನ್ನೋದನ್ನು ಸದ್ಯಕ್ಕೆ ಹೇಳಲ್ಲ.

ನಡುವೆ ವುಳೂ ನೀರನ್ನೂ ಅಳೆದೆವು. ನಳ್ಳಿಯ ಕೆಳಗೆ ಬಕೆಟ್ ಇಟ್ಟರೆ ಒಬ್ಬೊಬ್ಬರದ್ದು ನಾಲ್ಕೈದು ಲೀಟರ್. ಪ್ರವಾದಿಯವರು ಒಂದು ಮುದ್ದ್ (ಹಳೇ ಕಾಲದ ಒಂದು ಅಳತೆ) ನೀರಿನಲ್ಲಿ ಮುಗಿಸುತ್ತಿದ್ದರು, ಅದು ಒಂದು ಲೀಟರೂ ಆಗಲ್ಲ. ಈಗ ಜಾಸ್ತಿ ಮಕ್ಕಳು ಒಂದು ಬಾಟ್ಲಿಯಲ್ಲಿ ಮುಗಿಸುತ್ತಾರೆ.

ಈ ವರ್ಷ ಔಲ್, ಅಂದರೆ ಪಾಲುಗಳು ಸೇರಿ ಆಸ್ತಿಗಿಂತ ಜಾಸ್ತಿಯಾದಾಗ ಎಲ್ಲರ ಪಾಲನ್ನೂ ಒಂದೇ ಪ್ರಮಾಣದಲ್ಲಿ ಇಳಿಸುವ ಲೆಕ್ಕ, ಶುರು ಮಾಡಿದೆ. ಸತ್ತವಳಿಗೆ ಗಂಡ, ಇಬ್ಬರು ಒಡಹುಟ್ಟಿದ ಅಕ್ಕತಂಗಿಯರು. ತಟ್ಟೆಯಲ್ಲಿ 6 ಬೀಜ. ಗಂಡನಿಗೆ 3 ಕೊಟ್ಟರು, ಅಕ್ಕತಂಗಿಯರಿಗೆ 4 ಬೇಕು. ಒಂದು ಬೀಜ ಎಲ್ಲಿ ಬಿತ್ತು ಅಂತ ತಟ್ಟೆ ಎತ್ತಿ, ಚಾಪೆ ಕೊಡವಿ ಹುಡುಕಿದರು.