ದೇವರಾಜ ಮಾರುಕಟ್ಟೆಯಲ್ಲಿ ಒಂದು ಮಾರು ದೂರದಿಂದ

ಗುರುತಿಲ್ಲದವರ ಫೋಟೋ ತೆಗೆಯಬೇಕಾದರೆ ದೂರ ನಿಂತು, ಉದ್ದನೆಯ ಲೆನ್ಸ್ ಹಾಕಿ, ಅವರಿಗೆ ಗೊತ್ತಾಗದಂತೆ ತೆಗೆಯಬೇಕು ಅಂತ ಬಹಳ ಜನ ಅಂದುಕೊಂಡಿದ್ದಾರೆ. ನನಗೆ ಅದು ಒಗ್ಗಲಿಲ್ಲ. ಹತ್ತಿರ ಹೋಗಬೇಕು, ಎದುರಿಗೇ ನಿಲ್ಲಬೇಕು, ಕ್ಯಾಮೆರಾ ಎಲ್ಲರ ಕಣ್ಣಿಗೂ ಬೀಳುವಂತೆ ಎದೆಯ ಮೇಲಿರಬೇಕು. ನಮ್ಮ ಮೈಸೂರಿನವರೇ ಆದ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಅವರ ಚಿತ್ರಗಳಲ್ಲಿ ಸಾಮಾನ್ಯ ಜನ ಎಷ್ಟು ನಿರಾಳವಾಗಿದ್ದಾರೆ ನೋಡಿ. ಮರೆಯಲ್ಲಿ ನಿಂತವರಿಗೆ ಅದು ದಕ್ಕುವುದಿಲ್ಲ.

ನನ್ನದು ನಿಕಾನ್ ಎಫ್‌ಎಂ2, 35 ಎಂಎಂ ಲೆನ್ಸ್, ಇಲ್ಫೋರ್ಡ್ ಎಚ್‌ಪಿ5 ಕಪ್ಪು-ಬಿಳುಪು ರೀಲು. ಚಿಕ್ಕ ಗಡಿಯಾರ ಗೋಪುರ ದಾಟಿ ದೇವರಾಜ ಮಾರ್ಕೆಟ್ ಒಳಗೆ ಕಾಲಿಡುವ ಮೊದಲೇ ಫೋಕಸ್ 3 ಮೀಟರ್‌ಗೆ, ಅಪರ್ಚರ್, ಅಂದರೆ ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ, ಎಫ್/11ಕ್ಕೆ ಇಟ್ಟುಬಿಡುತ್ತೇನೆ. ಈ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು, ಸ್ಪಷ್ಟವಾಗಿ ಕಾಣುವ ದೂರದ ಹರವು ಕಡಿಮೆ. ಆಗ ಸುಮಾರು 1.7 ಮೀಟರ್‌ನಿಂದ 15 ಮೀಟರ್‌ವರೆಗೆ ಎಲ್ಲವೂ ಸ್ಪಷ್ಟ. 1.7 ಮೀಟರ್ ಅಂದರೆ ಹೆಚ್ಚುಕಡಿಮೆ ಒಂದು ಮಾರು, ಎರಡೂ ಕೈ ಚಾಚಿದಷ್ಟು. ಹೂವಿನವರು ಹೊತ್ತಿಡೀ ಮೊಳ, ಮಾರು ಹಾಕುವುದನ್ನು ನೋಡುತ್ತ ಈ ಅಳತೆ ನನ್ನ ಮೈಗೂ ಹತ್ತಿತು. ಮಾರಿಗಿಂತ ಹತ್ತಿರ ಹೋಗುವುದಿಲ್ಲ, ಫೋಕಸ್ ಮುಟ್ಟುವುದಿಲ್ಲ. ಕ್ಯಾಮೆರಾ ಕಣ್ಣಿಗೇರುವುದು ಒತ್ತುವ ಗಳಿಗೆಗೆ ಮಾತ್ರ. ಉಳಿದ ಹೊತ್ತೆಲ್ಲ ನನ್ನ ಕಣ್ಣು ಜನರ ಮೇಲೆ.

ನನ್ನ ರೀಲು 400ರದು, ಬೆಳಕಿಗೆ ಅದರ ಚುರುಕು ಅಷ್ಟು. ಅದಕ್ಕೆ ನೇರ ಬಿಸಿಲಲ್ಲಿ ಎಫ್/16, ಶಟರ್ ಸೆಕೆಂಡಿನ 1/500. ತೆರೆದ ನೆರಳಲ್ಲಿ ಎಫ್/11, 1/125. ಒಳಗಿನ ಓಣಿಗಳಲ್ಲಿ, ಟಾರ್ಪಾಲಿನ ಕೆಳಗೆ, ಎಫ್/4ಕ್ಕೆ ಇಳಿಯಬೇಕಾಗುತ್ತದೆ. ಆಗ 2.3ರಿಂದ 4.2 ಮೀಟರ್ ಒಳಗಿರುವುದು ಮಾತ್ರ ಸ್ಪಷ್ಟ, ಮಾರಿನ ಲೆಕ್ಕ ಕೆಡುತ್ತದೆ. ಅದಕ್ಕೇ ಒಳಗೆ ತೆಗೆಯುವ ದಿನ ಇಡೀ ರೀಲನ್ನು 1600ರದು ಎಂದೇ ಲೆಕ್ಕ ಹಿಡಿದು ತೆಗೆದು, ತೊಳೆಯುವಾಗ ಚಿತ್ರ ಮೂಡಿಸುವ ದ್ರಾವಣವಾದ ಡೆವಲಪರ್‌ನಲ್ಲಿ ಹೆಚ್ಚು ಹೊತ್ತು ಬಿಡುತ್ತೇನೆ. ಗ್ರೇನ್, ಅಂದರೆ ಚಿತ್ರದ ಕಣಗಳು, ದಪ್ಪವಾಗುತ್ತದೆ, ಕಡುನೆರಳಲ್ಲಿ ಇದ್ದದ್ದು ಅಳಿಸಿಹೋಗುತ್ತದೆ. ಆದರೂ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು) ಗಿಟ್ಟಿ ಎಫ್/8 ಸಿಗುತ್ತದೆ, ನನಗೆ ಅಷ್ಟು ಸಾಕು.

ಮಲ್ಲಿಗೆ ರಾಶಿಯ ಮುಂದೆ ಕ್ಯಾಮೆರಾದ ಬೆಳಕಿನ ಮೀಟರ್ ನಂಬಬೇಡಿ. ಬಿಳಿಯನ್ನೂ ಅದು ಬೂದು ಎಂದೇ ತಿಳಿದು ಬೆಳಕು ಕಡಿಮೆ ಮಾಡಿಸುತ್ತದೆ, ಹೂ ಮಾರುವವರ ಮುಖ ಕಪ್ಪಿಡುತ್ತದೆ. ಅವರ ಮೇಲೆ ಬೀಳುವ ಬೆಳಕಿಗೇ ನನ್ನ ಅಂಗೈ ಒಡ್ಡಿ ಅಳೆದು, ಒಂದು ಸ್ಟಾಪ್ ಹೆಚ್ಚು ಕೊಡುತ್ತೇನೆ.

ಕೈ ಅಡ್ಡ ಹಿಡಿದವರನ್ನು ತೆಗೆಯುವುದಿಲ್ಲ. ಮಲಗಿದವರನ್ನು, ಬೇಡುವವರನ್ನು ಕೂಡ ಇಲ್ಲ. ಬೇಡ ಅನ್ನುವ ಶಕ್ತಿ ಇದ್ದವರ ಎದುರು ಮಾತ್ರ ಕ್ಯಾಮೆರಾ ಎತ್ತಬೇಕು ಅನ್ನುವುದು ನಾನು ಬಿಡದೆ ಪಾಲಿಸುವ ನಿಯಮ.

ಒಬ್ಬ ಅಜ್ಜಿ ಕನಕಾಂಬರ ಕಟ್ಟುತ್ತಿದ್ದರು. ಬಾಳೆನಾರಿನ ತುದಿ ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ, ಎರಡು ಹೂ ಆ ಕಡೆ, ಎರಡು ಈ ಕಡೆ, ಒಂದು ಸುತ್ತು, ಒಂದು ಗಂಟು. ನೋಟ ಓಣಿಯ ಕಡೆಗೇ ಇತ್ತು, ಬೆರಳು ತಪ್ಪುತ್ತಿರಲಿಲ್ಲ. ಗಂಟು ಬಿಗಿಯುವಾಗಲೆಲ್ಲ ಕತ್ತು ಒಂಚೂರು ವಾಲುತ್ತಿತ್ತು. ಅದಕ್ಕೇ ಕಾದು ಒತ್ತಿದೆ. ಎಫ್‌ಎಂ2ರ ಸದ್ದು ಸಣ್ಣದಲ್ಲ, ಅಜ್ಜಿ ತಿರುಗಿ ನೋಡಿದರು.

“ಎಲ್ಲಿ, ತೋರ್ಸು ಮಗಾ.”

“ರೀಲ್ ಕ್ಯಾಮೆರಾ ಅಜ್ಜಿ. ತೊಳ್ದು, ಪ್ರಿಂಟ್ ಹಾಕ್ಸಿ ತಂದ್ಕೊಡ್ತೀನಿ.”

“ಎಲ್ರೂ ಹಂಗೇ ಹೇಳ್ತಾರೆ.”

ಫೋನಾಗಿದ್ದರೆ ಅಲ್ಲೇ ತೋರಿಸಿ ಮುಗಿಸಿಬಿಡಬಹುದಿತ್ತು. ರೀಲಿನಲ್ಲಿ ಕೊಡಲು ಇರುವುದು ಮಾತು ಮಾತ್ರ, ಅದನ್ನು ಉಳಿಸಿಕೊಳ್ಳಲೇಬೇಕು. 36 ಚಿತ್ರ ಮುಗಿದ ಕೂಡಲೇ ಮನೆಯಲ್ಲೇ ತೊಳೆಯುತ್ತೇನೆ. 400ಕ್ಕೆ ತೆಗೆದದ್ದಾದರೆ ಮತ್ತೆ ನೀರು ಬೆರೆಸಿ ತೆಳು ಮಾಡದ ಡಿ-76 ಡೆವಲಪರಿನಲ್ಲಿ, 20 ಡಿಗ್ರಿಗೆ ಏಳೂವರೆ ನಿಮಿಷ. ಬೇಸಿಗೆಯಲ್ಲಿ ನಲ್ಲಿ ನೀರೇ ಅದಕ್ಕಿಂತ ಬೆಚ್ಚಗಿರುತ್ತದೆ, ಬಾಟಲಿಗಳನ್ನು ಐಸ್ ನೀರಿನ ಬೋಗುಣಿಯಲ್ಲಿಟ್ಟು ತಣಿಸಿಕೊಳ್ಳಬೇಕು. ಪ್ರಿಂಟ್‌ಗಳ ಹಿಂದೆ ಯಾವ ಸಾಲು, ಯಾವ ಅಂಗಡಿಯ ಪಕ್ಕ ಎಂದು ಪೆನ್ಸಿಲಿನಲ್ಲಿ ಬರೆದುಕೊಂಡು, ಹಂಚಲೆಂದೇ ಒಂದು ಬೆಳಿಗ್ಗೆ ಹೋಗುತ್ತೇನೆ. ಆ ದಿನ ಮನಸ್ಸಿಟ್ಟು ಕೊಡುವುದಷ್ಟೇ ಕೆಲಸ, ಹೊಸ ಚಿತ್ರ ತೆಗೆಯುವುದಿಲ್ಲ.

ಅಜ್ಜಿ ತಮ್ಮ ಪ್ರಿಂಟನ್ನು ಬೆಳಕಿಗೆ ಹಿಡಿದು ನೋಡಿದರು. ಮುಖದ ಬಗ್ಗೆ ಏನೂ ಹೇಳಲಿಲ್ಲ. “ಕನಕಾಂಬ್ರದ ಬಣ್ಣನೇ ಹೋಯ್ತಲ್ಲಪ್ಪಾ?” ಅಂದರು. ನಿಜ, ಆ ಕಿತ್ತಳೆ ಬಣ್ಣವೆಲ್ಲ ಬೂದಾಗಿತ್ತು. ಅವರಿಗೆಂದೇ ಈಗ ಕಲರ್ ರೀಲು ಹಾಕಿದ್ದೇನೆ. 200ರ ರೀಲಾದ್ದರಿಂದ ಒಂದು ಸ್ಟಾಪ್ ಬೆಳಕು ಹೆಚ್ಚು ಬೇಕು, ಬಿಸಿಲು ನೇರ ಅವರ ಬುಟ್ಟಿಯ ಮೇಲೆ ಬೀಳುವ ಹೊತ್ತಿಗೇ ಹೋಗಬೇಕು.